ಎಣಿಕೆಯಿಲ್ಲದ ಜೀವಶಾಸ್ತ್ರ

ಪದವಿ ಬೇರೆ, ವಿದ್ಯೆ ಬೇರೆ ಎಂಬ ಮಾತು ಹಳೆಯದು. ಅದರ ಸತ್ಯವು ಇಂದು ನಮ್ಮ ಸಮೀಪದಲ್ಲಿಯೇ ಕಾಣುತ್ತಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಪಟ್ಟಣಗಳಲ್ಲಿ ಸಸ್ಯಶಾಸ್ತ್ರ ಪ್ರಾಣಿಶಾಸ್ತ್ರಗಳನ್ನು ಆರಿಸಿಕೊಂಡು ಬಿ.ಎಸ್‌ಸಿ. ತರಗತಿಗಳಲ್ಲಿ ಓದುವ ತರುಣ ತರುಣಿಯರಿಗೆ ಬುದ್ಧಿಯ ಕೊರತೆಯಿಲ್ಲ, ಶ್ರಮದ ಕೊರತೆಯೂ ಇಲ್ಲ. ಆದರೆ ಅವರು ಕಲಿಯುತ್ತಿರುವುದೇನು? ಚಿತ್ರ ಬರೆಯುವುದು, ಅಂಗಗಳ ಹೆಸರನ್ನು ಒಪ್ಪಿಸುವುದು, ಫಲವನ್ನು ಮೊದಲೇ ತಿಳಿದುಕೊಂಡು ಅದಕ್ಕೆ ಸರಿಹೊಂದುವ ಅಂಕೆಗಳನ್ನು ರೆಕಾರ್ಡು ಪುಸ್ತಕದಲ್ಲಿ ತುಂಬುವುದು. ತಾನಾಗಿ ಪ್ರಶ್ನೆ ಕೇಳಿ, ತಾನಾಗಿ ಎಣಿಸಿ ಅಳೆದು, ಆ ಅಂಕೆಗಳು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂದು ತೂಗಿ ನೋಡುವ ಅಭ್ಯಾಸಕ್ಕೆ ಎಷ್ಟೋ ಕಡೆ ಎಡೆಯೇ ಇಲ್ಲ.

ಈ ಅಭ್ಯಾಸದಿಂದ ಏನು ಪ್ರಯೋಜನವೆಂದು ಕೇಳುವವರು ರಾಮದೇವರ ಬೆಟ್ಟದ ಕಡೆ ನೋಡಲಿ. 1990ರ ಈಚೆಗೆ ಭಾರತದಲ್ಲಿ ರಣಹದ್ದುಗಳು ನೂರಕ್ಕೆ 95ಕ್ಕೂ ಹೆಚ್ಚು ಪಾಲು ನಾಶವಾದವು. ಯಾವುದೋ ಸಾಂಕ್ರಾಮಿಕ ರೋಗವಿರಬೇಕೆಂದು ಹಲವರು ಊಹಿಸಿದರು. ಪಾಕಿಸ್ತಾನದಲ್ಲಿ ಶೋಧನೆ ನಡೆಸಿದ ವಿಜ್ಞಾನಿಗಳು ಸತ್ತ ಹದ್ದುಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ಮೂತ್ರಪಿಂಡ ಕೆಟ್ಟು ಸತ್ತ 25 ಹದ್ದುಗಳಲ್ಲಿ 25ರಲ್ಲಿಯೂ, ದನಗಳ ನೋವಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ಔಷಧದ ಶೇಷವಿದ್ದಿತು. ಬೇರೆ ಕಾರಣದಿಂದ ಸತ್ತ 13ರಲ್ಲಿ ಒಂದರಲ್ಲಿಯೂ ಇರಲಿಲ್ಲ. ಬಳಿಕ ಔಷಧವನ್ನು ತಿನ್ನಿಸಿ ನೋಡಿ ಕಾರಣವನ್ನು ದೃಢಪಡಿಸಿಕೊಂಡು, 2004ರಲ್ಲಿ ಲೋಕಕ್ಕೆ ತಿಳಿಸಿದರು. 2006ರಲ್ಲಿ ಭಾರತ ಸರಕಾರದವರು ಪಶುಗಳಿಗಾಗಿ ಆ ಔಷಧವನ್ನು ತಯಾರಿಸುವುದನ್ನು ನಿಷೇಧಿಸಿದರು. ರಾಮದೇವರ ಬೆಟ್ಟವು ರಣಹದ್ದುಗಳ ವನ್ಯಧಾಮವಾದುದು 2012ರಲ್ಲಿ. ಆ 25ರ ಪಕ್ಕದಲ್ಲಿ ಈ 13ನ್ನು ಇಟ್ಟು ನೋಡಿದ್ದರಿಂದಲೇ ಸತ್ಯ ಹೊರಬಿದ್ದಿತು. ಬರಿಯ 25ನ್ನು ನೋಡಿದ್ದರೆ ಅದು ಊಹೆಯಾಗಿಯೇ ಉಳಿಯುತ್ತಿತ್ತು.

ಇನ್ನು ನಮ್ಮ ಅನ್ನದ ವಿಷಯ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾ ಖಂಡದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಒಬ್ಬ ರೈತನು ಹೊಸ ಪುಡಿಯೊಂದನ್ನು ಹುಳುಗಳ ಮೇಲೆ ಎರಚಿದನು, ಬೆಳೆ ಚೆನ್ನಾಯಿತು. ನೆರೆಯವನು ಎರಚಲಿಲ್ಲ, ಹಾಲುತೊಂಡೆ ರೋಗ ಬಂದು ಅರ್ಧ ಬೆಳೆ ಹೋಯಿತು ಎಂದಿಟ್ಟುಕೊಳ್ಳೋಣ. ಪುಡಿಯೇ ಕಾರಣವೆಂದು ಊರು ಹೇಳುತ್ತದೆ. ಅಂಗಡಿಯವನಂತೂ ಹೇಳಿಯೇ ಹೇಳುತ್ತಾನೆ. ಆದರೆ ಇಬ್ಬರ ಮೊಟ್ಟೆ ಬೇರೆ, ಸೊಪ್ಪು ಬೇರೆ, ಮನೆಯ ಗಾಳಿ ಬೇರೆ. ಒಂದೇ ತಂಡದ ಹುಳುಗಳನ್ನು ಚೀಟಿಯೆತ್ತಿ ಹತ್ತು ತಟ್ಟೆಗಳಿಗೆ ಹಂಚಿ, ಒಂದೇ ತೋಟದ ಸೊಪ್ಪು ಕೊಟ್ಟು, ಐದಕ್ಕೆ ಪುಡಿ ಹಾಕಿ, ಐದಕ್ಕೆ ಹಾಕದೆ, ಸತ್ತ ಹುಳುಗಳನ್ನು ದಿನದಿನವೂ ಎಣಿಸಬೇಕು. ಎರಡು ಗುಂಪುಗಳ ನಡುವಣ ಅಂತರವು, ಒಂದೇ ಗುಂಪಿನ ತಟ್ಟೆತಟ್ಟೆಗಳ ನಡುವೆ ತಾನಾಗಿ ಬರುವ ಅಂತರಕ್ಕಿಂತ ಎದ್ದು ಕಾಣುವಷ್ಟು ದೊಡ್ಡದೆ ಎಂದು ನೋಡಬೇಕು. ಸಂಖ್ಯಾಶಾಸ್ತ್ರದ ತಿರುಳು ಇದೇ. ಇದನ್ನು ಬಲ್ಲ ಮಗ ಅಥವಾ ಮಗಳು ಮನೆಯಲ್ಲಿದ್ದರೆ ರೈತನು ಸುಮ್ಮನೆ ದುಡ್ಡು ಕಳೆದುಕೊಳ್ಳುವುದಿಲ್ಲ. ಹುಳು ಸಾಕುವ ಮನೆಯಿಂದಲೇ ಬಂದು ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದವನು ತಂದೆಯ ಪ್ರಶ್ನೆಗೆ ಉತ್ತರ ಹೇಳಲಾರನೆಂದರೆ ಆ ಪದವಿಯ ಬೆಲೆಯೇನು?

ಜಪಾನಿನ ಟೊಯಾಮಾ ಎಂಬ ವಿಜ್ಞಾನಿಯು ರೇಷ್ಮೆಹುಳುಗಳನ್ನು ತಳಿಗೂಡಿಸಿ, ಎಣಿಸಿ, ಮೆಂಡೆಲನ ನಿಯಮವು ಅವುಗಳಿಗೂ ಸಲ್ಲುವುದೆಂದು 1906ರಲ್ಲಿ ತೋರಿಸಿದನು. ಆ ದೇಶದ ಮಿಶ್ರತಳಿಗಳ ಏಳಿಗೆಗೆ ಅದು ತಳಹದಿಯಾಯಿತು. ತನ್ನ ಅಂಗಳದ ವಸ್ತುವನ್ನು ತಾನೇ ಅಳೆಯದ ಜನಾಂಗವು ಪರರ ಅಳತೆಯನ್ನು ನಂಬಿ ಬಾಳಬೇಕಾಗುತ್ತದೆ.

ಅವಕಾಶವೆಲ್ಲಿ ಎಂದು ವಿದ್ಯಾಧಿಕಾರಿಗಳು ಕೇಳಬಹುದು. 2021ರಲ್ಲಿ ನಮ್ಮ ರಾಜ್ಯಕ್ಕೆ ಬಂದ ನಾಲ್ಕು ವರ್ಷದ ಪದವಿಯಲ್ಲಿ ಕೊನೆಯ ವರ್ಷ ಸಂಶೋಧನೆಗೆ ಎಡೆಯಿದ್ದಿತು. 2024ರಲ್ಲಿ ಸರಕಾರದವರು ಮೂರು ವರ್ಷದ ಪದವಿಗೇ ಹಿಂದಿರುಗಿದರು. ಆ ನಿರ್ಣಯದ ಗುಣದೋಷಗಳ ವಿಚಾರ ಇಲ್ಲಿ ಬೇಡ. ನಾಲ್ಕನೆಯ ವರ್ಷವು ಹೋಯಿತೆಂದು ಅದರ ಉದ್ದೇಶವೂ ಹೋಗಬೇಕಾಗಿಲ್ಲ. ಅದನ್ನು ಮೂರು ವರ್ಷಗಳೊಳಗೇ ತರುವುದು ಅವಶ್ಯಕ. ನಮ್ಮ ಸೂಚನೆಗಳು ಇವು. ನಾಲ್ಕು ನಾಲ್ಕು ಮಂದಿ ವಿದ್ಯಾರ್ಥಿಗಳು ಕೂಡಿ, ಊರಿನ ವಸ್ತುವೊಂದನ್ನು ಹಿಡಿದು, ವರ್ಷಕ್ಕೊಂದು ಶೋಧನೆ ನಡೆಸಲಿ: ರೇಷ್ಮೆಗೂಡು, ಮಾವಿನ ತೋಪು, ಅರ್ಕಾವತಿಯ ನೀರು, ಸಾವನದುರ್ಗದ ಹಕ್ಕಿಗಳು, ಯಾವುದಾದರೂ ಆಗಲಿ. ಅಂಕಗಳನ್ನು ಫಲಕ್ಕಲ್ಲದೆ ವಿಧಾನಕ್ಕೆ ಕೊಡಲಿ. ವ್ಯತ್ಯಾಸವೇನೂ ಕಾಣಲಿಲ್ಲವೆಂದು ಪ್ರಾಮಾಣಿಕವಾಗಿ ಬರೆದವನಿಗೆ ಪೂರ್ಣ ಅಂಕ ಸಲ್ಲಲಿ, ಕಲ್ಪಿಸಿ ಬರೆದವನಿಗೆ ಸೊನ್ನೆ ಸಲ್ಲಲಿ. ನಾಲ್ಕು ಪಟ್ಟಣಗಳಿಗೂ ಸೇರಿ ಸಂಖ್ಯಾಶಾಸ್ತ್ರ ಬಲ್ಲ ಅಧ್ಯಾಪಕರೊಬ್ಬರು ವಾರಕ್ಕೊಂದು ದಿನದಂತೆ ಬರಲಿ. ಲೆಕ್ಕಕ್ಕೆ ಬೇಕಾದ ‘ಆರ್’ ಮೊದಲಾದ ತಂತ್ರಾಂಶಗಳು ಬೆಲೆಯಿಲ್ಲದೆಯೇ ದೊರೆಯುತ್ತವೆ. ಕಡೆಗೆ, ಶೋಧನೆಯ ಫಲವನ್ನು ವಿದ್ಯಾರ್ಥಿಗಳು ರೈತರ ಮುಂದೆ ಕನ್ನಡದಲ್ಲಿ ಓದಿ, ಅವರ ಪ್ರಶ್ನೆಗಳಿಗೆ ಉತ್ತರ ಕೊಡಲಿ. ಅದಕ್ಕಿಂತ ಕಠಿಣವಾದ ಪರೀಕ್ಷೆ ಬೇರೊಂದಿಲ್ಲ.

2025ರಲ್ಲಿ ರಾಮನಗರ ಜಿಲ್ಲೆಯು ಬೆಂಗಳೂರು ದಕ್ಷಿಣ ಜಿಲ್ಲೆಯಾದಾಗ ಹೆಸರಿನ ವಿಷಯವಾಗಿ ಸಾಕಷ್ಟು ವಾದ ನಡೆಯಿತು. ಅದರ ಕಾಲುಭಾಗದಷ್ಟು ಆಸಕ್ತಿಯನ್ನು ಜಿಲ್ಲೆಯ ಮಕ್ಕಳ ವಿದ್ಯೆಯ ಕಡೆಗೆ ತಿರುಗಿಸಬೇಕೆಂದು ವಿಶ್ವವಿದ್ಯಾನಿಲಯದವರನ್ನೂ, ಕಾಲೇಜುಗಳ ಆಡಳಿತ ಮಂಡಲಿಗಳವರನ್ನೂ, ಮಕ್ಕಳ ತಂದೆತಾಯಿಗಳನ್ನೂ ಕೇಳಿಕೊಳ್ಳುತ್ತೇವೆ. ಮುಂದಿನ ಶೈಕ್ಷಣಿಕ ವರ್ಷವು ಆರಂಭವಾಗುವುದರೊಳಗೆ ಒಂದು ಕಾಲೇಜಾದರೂ ಮುಂದೆ ಬಂದರೆ ಉಳಿದವು ಹಿಂಬಾಲಿಸದೆ ಇರಲಾರವು.