ಹಿಂದೆ ಬರುವವರ ದೀಪಕ್ಕೆ ಕಪ್ಪು ಬಳಿಯಬೇಡಿ

ಕಾರಿನ ಟೇಲ್ ಲ್ಯಾಂಪಿಗೆ ಸ್ಮೋಕ್ ಫಿಲ್ಮ್ ಹಾಕಿಸಬೇಡಿ ಎಂದಾಗಲೆಲ್ಲ ಎದುರು ಬರುವ ಸಮರ್ಥನೆಗಳು ಹೆಚ್ಚುಕಡಿಮೆ ಅವವೇ. ಹಾಗೆ ಸಮರ್ಥಿಸುವವರು ಬೇಜವಾಬ್ದಾರಿಯವರಲ್ಲ. ಬಹುಪಾಲು ಗಾಡಿಯ ಮೇಲೆ ಜೀವ ಇಟ್ಟುಕೊಂಡ ಹುಡುಗರು. ವಾರಕ್ಕೊಮ್ಮೆ ತಾವೇ ತೊಳೆದು, ಪಾಲಿಶ್ ಹಾಕಿ, ಟೈರಿನ ಗಾಳಿ ನೋಡಿಕೊಳ್ಳುವವರು. ಇಷ್ಟು ಕಾಳಜಿ ಇರುವವರಿಗೆ ಹೇಳಿದರೆ ಕೇಳಿಸುತ್ತದೆ ಎಂಬ ನಂಬಿಕೆಯಿಂದಲೇ ಅವರ ಒಂದೊಂದು ಮಾತಿಗೂ ಉತ್ತರ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಹೇಳುವುದು, "ಲೈಟ್ ಸ್ಮೋಕ್ ಅಷ್ಟೇ ಹಾಕಿಸಿರೋದು, ಬೆಳಕು ಚೆನ್ನಾಗೇ ಕಾಣತ್ತೆ" ಅಂತ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳ ಮುಂದೆ ನಿಂತು ಈ ಕೆಲಸ ನೋಡಿದ್ದೇನೆ. ಹುಡುಗ ಲ್ಯಾಂಪಿನ ಮೇಲೆ ಸೋಪುನೀರು ಚಿಮುಕಿಸುತ್ತಾನೆ. ಫಿಲ್ಮನ್ನು ಎಳೆದು ಕೂರಿಸಿ, ಹೀಟ್ ಗನ್ನಿನಿಂದ ಬಿಸಿ ಕೊಡುತ್ತಾ ಲ್ಯಾಂಪಿನ ತಿರುವಿಗೆ ಬಗ್ಗಿಸುತ್ತಾನೆ. ಒಳಗೆ ಉಳಿದ ನೀರನ್ನು ಒತ್ತಿ ಹೊರಗೆ ತೆಗೆದು, ಅಂಚನ್ನು ಬ್ಲೇಡಿನಲ್ಲಿ ಕೊಯ್ದು ಮುಗಿಸುತ್ತಾನೆ. ನಿಜಕ್ಕೂ ಕೈ ಪಳಗಿದವರ ಕೆಲಸ ಅದು. ಆಮೇಲೆ ಗಾಡಿಯವರು ಒಳಗೆ ಕೂತು ಬ್ರೇಕ್ ಒತ್ತುತ್ತಾರೆ, ಹುಡುಗ ನಾಲ್ಕು ಹೆಜ್ಜೆ ಹಿಂದೆ ನಿಂತು "ಬರ್ತಿದೆ ಸಾರ್" ಅನ್ನುತ್ತಾನೆ. ಅಲ್ಲಿಗೆ ಪರೀಕ್ಷೆ ಮುಗಿಯಿತು.

ನಾಲ್ಕು ಹೆಜ್ಜೆ ದೂರಕ್ಕೆ ಮೊಬೈಲಿನ ಬೆಳಕೂ ಕಾಣುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 105ನೇ ನಿಯಮ ಕೇಳುವುದು ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕೆಂದು. ಆ ದೂರಕ್ಕೆ ಹೋಗಿ ನಿಂತು ನೋಡಿದವರು ಯಾರಿದ್ದಾರೆ? ಇನ್ನು ಕೆಲವರು ರಾತ್ರಿ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಸಣ್ಣ ದೀಪವೂ ದೊಡ್ಡದೇ. ಕಷ್ಟದ ಪರೀಕ್ಷೆ ನಡೆಯುವುದು ಸಂಜೆ ನಾಲ್ಕೂವರೆಗೆ, ಇಳಿಬಿಸಿಲು ನೇರವಾಗಿ ಲ್ಯಾಂಪಿನ ಮೇಲೆ ಬಿದ್ದಾಗ. ಫಿಲ್ಮಿನ ನುಣುಪು ಮೈ ಆ ಬಿಸಿಲನ್ನು ಹಿಂದಿನವರ ಕಣ್ಣಿಗೇ ಎಸೆಯುತ್ತದೆ. ಅದರ ಅಡಿಯಲ್ಲಿ ಬ್ರೇಕ್ ಲೈಟ್ ಹೊತ್ತಿತೋ ಇಲ್ಲವೋ ಎಂದು ಒಂದು ಗಳಿಗೆ ದಿಟ್ಟಿಸಿ ನೋಡಬೇಕಾಗುತ್ತದೆ.

ಲೆಕ್ಕವನ್ನೇ ನೋಡೋಣ. 35 ಪರ್ಸೆಂಟ್ ಫಿಲ್ಮ್ ಎಂದರೆ ನೂರು ಪಾಲು ಬೆಳಕಿನಲ್ಲಿ ಮೂವತ್ತೈದು ಪಾಲು ಮಾತ್ರ ಹೊರಬರುತ್ತದೆ. ವಿಶ್ವಸಂಸ್ಥೆಯ ವಾಹನ ದೀಪಗಳ ಮಾನದಂಡದಲ್ಲಿ ಸಾಧಾರಣ ಟೇಲ್ ಲ್ಯಾಂಪಿಗೆ ಕನಿಷ್ಠ 4 ಕ್ಯಾಂಡೆಲಾ (ಬೆಳಕಿನ ಪ್ರಖರತೆಯ ಅಳತೆ), ಬ್ರೇಕ್ ಲೈಟಿಗೆ ಕನಿಷ್ಠ 60 ಕ್ಯಾಂಡೆಲಾ ಇರಬೇಕು. ಇವೆರಡರ ನಡುವೆ ಇಷ್ಟು ಅಂತರ ಇಟ್ಟದ್ದಕ್ಕೆ ಕಾರಣವಿದೆ. ಎರಡೂ ಕೆಂಪೇ. ಎಷ್ಟೋ ಕಾರುಗಳಲ್ಲಿ ಎರಡೂ ಒಂದೇ ಬಲ್ಬಿನಿಂದ ಬರುತ್ತವೆ. ಅದರೊಳಗೆ 5 ವ್ಯಾಟಿನ ಒಂದು ತಂತಿ, 21 ವ್ಯಾಟಿನ ಇನ್ನೊಂದು. ಹಾಗಾಗಿ ಕಾರು ಸುಮ್ಮನೆ ಓಡುತ್ತಿದೆಯೋ, ನಿಲ್ಲುತ್ತಿದೆಯೋ ಎಂಬುದನ್ನು ಹಿಂದಿನವರು ತಿಳಿಯುವುದು ಮುಖ್ಯವಾಗಿ ಪ್ರಖರತೆಯಿಂದ. 60ರ ಬ್ರೇಕ್ ಲೈಟಿನ ಮೇಲೆ ಈ ಫಿಲ್ಮ್ ಕೂತರೆ ಉಳಿಯುವುದು 21. ಪಕ್ಕದ ಲೇನಿನಲ್ಲಿ ಫಿಲ್ಮ್ ಇಲ್ಲದೆ ಹೋಗುತ್ತಿರುವ ಕಾರಿನ ಬರೀ ಟೇಲ್ ಲ್ಯಾಂಪೇ ಅದೇ ಮಾನದಂಡದಂತೆ 17ರವರೆಗೆ ಇರಬಹುದು. ನಿಮ್ಮ ಕಾರು ಗಟ್ಟಿಯಾಗಿ ಬ್ರೇಕ್ ಹಾಕಿದೆ, ಹಿಂದಿನವರಿಗೆ ಮಾತ್ರ ಅದು ಮಾಮೂಲಿ ಓಟದಲ್ಲಿರುವ ಕಾರಿನಂತೆ ಕಾಣುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ವೇಗಮಿತಿಯಾದ ಗಂಟೆಗೆ 100 ಕಿಲೋಮೀಟರಿನಲ್ಲಿ ಒಂದು ಸೆಕೆಂಡಿಗೆ ಕಾರು ಸುಮಾರು 28 ಮೀಟರ್ ಮುಂದೆ ಬರುತ್ತದೆ. ಹಿಂದಿನವರು ಅರ್ಧ ಸೆಕೆಂಡ್ ತಡವಾಗಿ ಗುರುತಿಸಿದರೂ 14 ಮೀಟರ್ ಹೋಯಿತು. ಅಷ್ಟು ಜಾಗದಲ್ಲಿ ಮೂರು ಕಾರು ಸಾಲಾಗಿ ನಿಲ್ಲುತ್ತವೆ.

ಈ ಲೆಕ್ಕ ಕೇಳಿದ ಮೇಲೆ ಬರುವ ಮಾತು, "ಗ್ಲಾಸಿನ ಮೇಲಿರೋ ಮೂರನೇ ಬ್ರೇಕ್ ಲೈಟ್ ಹಾಗೇ ಬಿಟ್ಟಿದೀನಲ್ಲ."

ಬಿಟ್ಟದ್ದು ಒಳ್ಳೆಯದಾಯಿತು. ಆದರೆ ಆ ದೀಪ ಬಂದದ್ದು ಕೆಳಗಿನ ಎರಡಕ್ಕೆ ಬದಲಿಯಾಗಿ ಅಲ್ಲ, ಅವುಗಳ ಜೊತೆಗೆ. ಅಮೆರಿಕದಲ್ಲಿ 1986ರ ಮಾದರಿಯ ಕಾರುಗಳಿಂದ ಅದನ್ನು ಕಡ್ಡಾಯ ಮಾಡಿದರು. ವರ್ಷಗಳ ನಂತರ ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಲೆಕ್ಕ ಹಾಕಿ ನೋಡಿದಾಗ ಹಿಂದಿನಿಂದ ಗುದ್ದುವ ಅಪಘಾತಗಳು ಶೇಕಡಾ 4.3ರಷ್ಟು ಕಡಿಮೆಯಾಗಿದ್ದವು. ಎರಡು ದೀಪ ಸರಿಯಾಗಿ ಉರಿಯುತ್ತಿರುವಾಗಲೂ ಇನ್ನೊಂದು ಸೇರಿದ್ದಕ್ಕೆ ಇಷ್ಟು ಜನ ಪೆಟ್ಟಿನಿಂದ ತಪ್ಪಿಸಿಕೊಂಡರು. ಹಾಗಿರುವಾಗ ಇರುವುದರಲ್ಲಿ ಎರಡನ್ನು ಮಂಕು ಮಾಡಿ ಒಂದರ ಮೇಲೆ ಭಾರ ಹಾಕುವುದು ಯಾವ ಜಾಣತನ? ಅಲ್ಲದೆ ಮೂರನೆಯದು ಹೊತ್ತುವುದು ಬ್ರೇಕ್ ಒತ್ತಿದಾಗ ಮಾತ್ರ. ರಾತ್ರಿ ಓಡುವಾಗ ಕಾರಿನ ಅಗಲ ತೋರಿಸುವುದು ಎರಡು ಮೂಲೆಯ ದೀಪಗಳು. ಹತ್ತಿರವಾದಂತೆ ಅವುಗಳ ನಡುವಿನ ಅಂತರ ಹಿಗ್ಗುತ್ತಾ ಹೋಗುವುದನ್ನು ನೋಡಿಯೇ ನಾವು ದೂರ ಅಂದಾಜು ಮಾಡುವುದು. ಇಂಡಿಕೇಟರ್ ಇರುವುದೂ ಆ ಮೂಲೆಗಳಲ್ಲೇ, ಅದೇ ಫಿಲ್ಮಿನ ಅಡಿಯಲ್ಲಿ.

"ಕಂಪನಿಯವರೇ ಸ್ಮೋಕ್ಡ್ ಲ್ಯಾಂಪ್ ಕೊಡ್ತಾರಲ್ಲ, ಬಿಎಂಡಬ್ಲ್ಯೂ ಬ್ಲ್ಯಾಕ್ ಲೈನ್ ನೋಡಿಲ್ವಾ?" ಎಂಬ ಪ್ರಶ್ನೆಯಲ್ಲಿ ತಿರುಳಿದೆ. ನೋಡಿದ್ದೇನೆ, ಚೆಂದವಾಗಿಯೂ ಇವೆ. ಅಲ್ಲಿ ಲೆನ್ಸಿನ ಕಪ್ಪು ಎಷ್ಟಿರಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ, ಅದನ್ನು ದಾಟಿ ಹೊರಬರುವ ಬೆಳಕು ಮಾನದಂಡ ಮುಟ್ಟುವಂತೆ ಎಲ್‌ಇಡಿಯ ಶಕ್ತಿಯನ್ನು ಹೊಂದಿಸಿರುತ್ತಾರೆ. ಇಡೀ ಲ್ಯಾಂಪನ್ನು ಪ್ರಯೋಗಾಲಯದಲ್ಲಿ ನಾನಾ ಕೋನಗಳಿಂದ ಅಳೆದು ಪಾಸು ಮಾಡಿದ ಮೇಲೆಯೇ ಅದು ಕಾರಿಗೆ ಬರುವುದು. ನಮ್ಮ ದೇಶದಲ್ಲೂ ಪುಣೆಯ ಎಆರ್‌ಎಐನಂಥ ಸಂಸ್ಥೆಗಳು ಮಾಡುವ ಕೆಲಸ ಇದೇ. ನಿಮ್ಮ ಕಾರಿನ ಲ್ಯಾಂಪೂ ಹಾಗೆಯೇ ಪಾಸಾಗಿ ಬಂದದ್ದು, ಫಿಲ್ಮ್ ಇಲ್ಲದೆ. ಅಂಟಿಸಿದ ಮರುಗಳಿಗೆಯೇ ಅದು ಯಾರೂ ಅಳೆಯದ ಬೇರೊಂದು ಲ್ಯಾಂಪಾಯಿತು.

"ಒಳಗಡೆ ಪವರ್‌ಫುಲ್ ಎಲ್‌ಇಡಿ ಬಲ್ಬ್ ಹಾಕಿಸಿದೀನಿ, ಅಲ್ಲಿಗಲ್ಲಿಗೆ ಸರಿಹೋಗತ್ತೆ" ಎನ್ನುವವರು ಎರಡನೇ ತಪ್ಪಿನಿಂದ ಮೊದಲನೆಯದನ್ನು ತಿದ್ದಲು ಹೊರಟಿದ್ದಾರೆ. ತಂತಿಯ ಬಲ್ಬಿಗೆಂದು ಮಾಡಿದ ಲ್ಯಾಂಪಿನಲ್ಲಿ ಹಿಂದಿನ ಕನ್ನಡಿಯ ಬಾಗು, ಆ ಸಣ್ಣ ತಂತಿ ಎಲ್ಲಿ ಉರಿಯುತ್ತದೋ ಆ ಬಿಂದುವನ್ನು ಹಿಡಿದು ರೂಪಿಸಿದ್ದು. ಎಲ್‌ಇಡಿ ಚಿಪ್ಪುಗಳು ಬೇರೆ ಜಾಗದಿಂದ, ಬೇರೆ ದಿಕ್ಕಿಗೆ ಬೆಳಕು ಚೆಲ್ಲುತ್ತವೆ. ಒಂದು ಕೋನಕ್ಕೆ ಕಣ್ಣು ಕೋರೈಸಿದರೆ ಇನ್ನೊಂದು ಕೋನಕ್ಕೆ ಕತ್ತಲೆ. ಸಾಲದ್ದಕ್ಕೆ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಬೆಳ್ಳನೆಯ ಎಲ್‌ಇಡಿ. ಅದರ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ಕೆಂಪು ಲೆನ್ಸ್ ಉಳಿದ ಬಣ್ಣಗಳನ್ನೆಲ್ಲ ತಡೆದುಬಿಡುವುದರಿಂದ, ಬರಿಗಣ್ಣಿಗೆ ಅಷ್ಟು ಪ್ರಖರವಾಗಿದ್ದ ಬಲ್ಬ್ ಲೆನ್ಸಿನ ಹೊರಗೆ ಸಪ್ಪೆಯಾಗುತ್ತದೆ.

ಎಂಥ ಬಲ್ಬ್ ಹಾಕಿದರೂ ಸರಿಪಡಿಸಲಾಗದ ಇನ್ನೊಂದು ಭಾಗವಿದೆ. ಈ ಚರ್ಚೆಯಲ್ಲಿ ಅದರ ಹೆಸರೇ ಬರುವುದಿಲ್ಲ, ನನಗೆ ಎಲ್ಲಕ್ಕಿಂತ ಭಯವಿರುವುದೂ ಅದರ ಬಗ್ಗೆಯೇ. ಅದು ರಿಫ್ಲೆಕ್ಟರ್.

ಟೇಲ್ ಲ್ಯಾಂಪನ್ನು ಹತ್ತಿರದಿಂದ ನೋಡಿ. ಎಷ್ಟೋ ಕಾರುಗಳಲ್ಲಿ ಅದರ ಒಂದು ಭಾಗಕ್ಕೆ ಜೇನುಗೂಡಿನಂತೆ ಸಣ್ಣ ಸಣ್ಣ ಮೂಲೆಗಳ ಕೆತ್ತನೆ ಇರುತ್ತದೆ. ಉಳಿದವುಗಳಲ್ಲಿ ಬಂಪರಿನ ಎರಡು ತುದಿಗೆ ಕೆಂಪು ಪಟ್ಟಿಯಾಗಿರುತ್ತದೆ. ಅದಕ್ಕೆ ವೈರೂ ಬೇಡ, ಬ್ಯಾಟರಿಯೂ ಬೇಡ. ಹಿಂದಿನ ಗಾಡಿಯ ಹೆಡ್‌ಲೈಟ್ ಬಿದ್ದರೆ ಬಂದ ದಾರಿಯಲ್ಲೇ ಬೆಳಕನ್ನು ತಿರುಗಿಸಿ ಕಳಿಸುತ್ತದೆ. ಬ್ಯಾಟರಿ ಡೆಡ್ ಆಗಿ ಕಾರು ರಸ್ತೆಯ ಅಂಚಿನಲ್ಲಿ ನಿಂತಿದೆ, ಪಾರ್ಕ್ ಲೈಟಿಲ್ಲ, ಹಜಾರ್ಡ್ ಇಲ್ಲ, ಒಳಗೆ ಮಕ್ಕಳು ಮಲಗಿದ್ದಾರೆ ಅಂದುಕೊಳ್ಳಿ. ಆಗ ಇಲ್ಲೊಂದು ಕಾರಿದೆ ಎಂದು ಹಿಂದಿನ ಲಾರಿಗೆ ದೂರದಿಂದಲೇ ಹೇಳುವುದು ಈ ರಿಫ್ಲೆಕ್ಟರ್ ಮಾತ್ರ. ಅದರ ಮೇಲೆ ಫಿಲ್ಮ್ ಇದ್ದರೆ ಬೆಳಕು ಒಳಗೆ ಹೋಗುವಾಗಲೂ ಅದನ್ನು ದಾಟಬೇಕು, ಹೊರಗೆ ಬರುವಾಗಲೂ ದಾಟಬೇಕು. ನೂರರಲ್ಲಿ ಮೂವತ್ತೈದು ಒಳಹೋಯಿತು, ಅದರಲ್ಲೂ ಮೂವತ್ತೈದೇ ಪರ್ಸೆಂಟ್ ಹೊರಬಂತು. ಉಳಿದದ್ದು ಹನ್ನೆರಡು. 20 ಪರ್ಸೆಂಟಿನ ಕಡುಕಪ್ಪು ಫಿಲ್ಮ್ ಆದರೆ ನಾಲ್ಕು. ಲ್ಯಾಂಪಿಗೆ ಮ್ಯಾಚ್ ಆಗಲಿ ಎಂದು ಬಂಪರಿನ ಪಟ್ಟಿಗೂ ಕಪ್ಪು ಹಾಕಿಸಿಕೊಂಡು ಹೋಗುವವರನ್ನು ಕಂಡಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಾನೂನಿನ ಮಾತಿಗೆ ಬರೋಣ. "ಸುಪ್ರೀಂ ಕೋರ್ಟ್ ಹೇಳಿದ್ದು ಗ್ಲಾಸಿನ ಬಗ್ಗೆ, ಲೈಟಿನ ಬಗ್ಗೆ ಅಲ್ಲ" ಎನ್ನುತ್ತಾರೆ. ಸರಿಯಾದ ಮಾತೇ. 2012ರ ಏಪ್ರಿಲಿನಲ್ಲಿ ಬಂದ ಅವಿಷೇಕ್ ಗೋಯೆಂಕಾ ಪ್ರಕರಣದ ತೀರ್ಪು ಕಿಟಕಿ ಗಾಜಿನ ಕಪ್ಪು ಫಿಲ್ಮಿಗೆ ಸಂಬಂಧಿಸಿದ್ದು. ದೀಪಕ್ಕೆ 105ನೇ ನಿಯಮ ಮೊದಲಿನಿಂದಲೂ ಇದೆ, ರಿಫ್ಲೆಕ್ಟರಿಗೆ 104ನೆಯದು. 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ನನ್ನು ಹೊಸದಾಗಿ ಬರೆಯಿತು. ನಿಯಮ ಒಪ್ಪದ ಬದಲಾವಣೆ ಮಾಡಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಲು ಅದರಲ್ಲಿ ಅವಕಾಶವಿದೆ. "ಯಾರೂ ಹಿಡಿಯಲ್ಲ" ಎಂಬುದು ಹಲವು ಕಡೆ ನಿಜವಿರಬಹುದು. ಹಿಡಿಯದಿದ್ದ ಮಾತ್ರಕ್ಕೆ ಹಿಂದಿನವರಿಗೆ ದೀಪ ಕಾಣಿಸಿಬಿಡುವುದಿಲ್ಲವಲ್ಲ.

ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ ಆಕ್ಷೇಪ ಬಂದದ್ದು ಮಂಡ್ಯದ ಕಡೆಯ ಗೆಳೆಯರಿಂದ. "ಕಬ್ಬಿನ ಟ್ರ್ಯಾಕ್ಟರ್‌ಗೆ ಲೈಟೇ ಇರಲ್ಲ, ಅದನ್ನ ಕೇಳೋರಿಲ್ಲ, ನಮ್ ಕಾರಿಗೆ ಬರ್ತೀರ" ಅಂದರು. ಸಿಟ್ಟು ನ್ಯಾಯವಾದದ್ದು. ಅರೆಯುವ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ರಾತ್ರಿ ಓಡಾಡಿದವರಿಗೆಲ್ಲ ಗೊತ್ತು: ಎರಡೆರಡು ಟ್ರೇಲರ್ ಎಳೆದುಕೊಂಡು, ಹಿಂದೆ ಒಂದು ಕೆಂಪು ಚುಕ್ಕೆಯೂ ಇಲ್ಲದೆ, ರಸ್ತೆಯ ಅರ್ಧಕ್ಕೆ ಕಬ್ಬು ಚಾಚಿಕೊಂಡು ಹೋಗುವ ಗಾಡಿಗಳಿವೆ. ಕಾರ್ಖಾನೆಯ ಗೇಟಿನಲ್ಲೇ ಪ್ರತಿ ಟ್ರೇಲರಿಗೂ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ ಕಳಿಸಬೇಕು, ಅಂಟಿಸದ ಗಾಡಿಯನ್ನು ತೂಕಕ್ಕೆ ಬಿಡಬಾರದು ಎಂಬುದೇ ನನ್ನ ಅಭಿಪ್ರಾಯ. ಆದರೆ ಆ ಟ್ರೇಲರ್ ಎದುರಾಗಿ ಎದೆ ಝಲ್ಲೆಂದ ಅನುಭವ ಇದೇ ಗೆಳೆಯರಿಗೂ ಆಗಿದೆ. ಬಡ ರೈತನ ಟ್ರೇಲರಿನಲ್ಲಿ ದೀಪ ಹಾಳಾಗಿರುವುದು ದುಡ್ಡಿಲ್ಲದೆಯೋ ಉದಾಸೀನದಿಂದಲೋ ಇರಬಹುದು. ಚೆನ್ನಾಗಿ ಉರಿಯುವ ದೀಪವನ್ನು ನಾವು ಕಾಸು ಕೊಟ್ಟು ಕಪ್ಪು ಮಾಡಿಸುವುದಕ್ಕೆ ಆ ನೆಪವೂ ಇಲ್ಲ.

ಈಗಿನ ಕೆಲವು ದೀಪಗಳು ಕಣ್ಣಿಗೆ ಚುಚ್ಚುತ್ತವೆ, ಫಿಲ್ಮ್ ಹಾಕಿದರೆ ಹಿಂದಿನವರಿಗೇ ಉಪಕಾರ ಎನ್ನುವವರೂ ಇದ್ದಾರೆ. ಚುಚ್ಚುವುದು ಬಹಳ ಸಲ ಹೊರಗಡೆ ಹಾಕಿಸಿದ ಬಲ್ಬು, ಮಿಣಮಿಣ ಮಿನುಗುವ ಬ್ರೇಕ್ ಲೈಟು. ಅದನ್ನು ತೆಗೆಸಿ ಕಂಪನಿಯದೇ ಹಾಕಿಸಿದರೆ ಮುಗಿಯಿತು.

ಕೊನೆಗೆ ಉಳಿಯುವುದು "ನನ್ನ ಕಾರು, ನನ್ನ ಇಷ್ಟ." ಇಷ್ಟಕ್ಕೆ ನನ್ನ ತಕರಾರಿಲ್ಲ. ರೂಫಿಗೆ ಕಪ್ಪು ಹಾಕಿಸಿ, ಮಿರರ್ ಕವರ್, ಅಲಾಯ್, ಗ್ರಿಲ್, ಬ್ಯಾಡ್ಜ್ ಎಲ್ಲವನ್ನೂ ಗ್ಲಾಸಿ ಬ್ಲ್ಯಾಕ್ ಮಾಡಿಸಿ. ಕಾರಿನಲ್ಲಿ ಓಡಿಸುವವರಿಗಾಗಿ ಇರುವುದೇ ಹೆಚ್ಚು. ಟೇಲ್ ಲ್ಯಾಂಪ್ ಮಾತ್ರ ಪೂರ್ತಿಯಾಗಿ ಬೇರೆಯವರಿಗಾಗಿ ಇರುವುದು. ಸ್ಟೀರಿಂಗ್ ಹಿಡಿದವರಿಗೆ ಅದು ಕಾಣುವುದೇ ಇಲ್ಲ. ಆಷಾಢದ ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವಾಗ, ಮಂಜು ಕವಿದು ಹತ್ತು ಮಾರು ಮುಂದಿನ ತಿರುವು ಕಾಣದಿರುವಾಗ, ಹಿಂದೆ ಸ್ಕೂಟರಿನಲ್ಲಿ ರೇನ್‌ಕೋಟ್ ಹಾಕಿ, ಹೆಲ್ಮೆಟಿನ ಗಾಜಿನ ಮೇಲೆ ನೀರಿಳಿಯುತ್ತಾ ಬರುತ್ತಿರುವವರಿಗೆ ಆಸರೆ ನಿಮ್ಮ ಎರಡು ಕೆಂಪು ದೀಪ. ಗುದ್ದಿದರೆ ನಿಮ್ಮ ಬಂಪರ್ ಒಡೆಯಬಹುದು, ಅವರದು ಮೈಮೂಳೆ. ಅವರನ್ನು ಕೇಳದೆ ಆ ದೀಪ ಮಂಕು ಮಾಡುವ ಹಕ್ಕು ಗಾಡಿಯ ಆರ್‌ಸಿ ಕಾರ್ಡಿನಿಂದ ಬರುವುದಿಲ್ಲ.

ಈಗಾಗಲೇ ಹಾಕಿಸಿಕೊಂಡವರಿಗೆ: ಫಿಲ್ಮ್ ಆಗಿದ್ದರೆ ಬಿಡಿಸುವುದು ಕಷ್ಟವಲ್ಲ. ಮನೆಯ ಹೇರ್ ಡ್ರೈಯರಿನಿಂದ ಒಂದು ಮೂಲೆಯನ್ನು ಹದವಾಗಿ ಬಿಸಿ ಮಾಡಿ, ಉಗುರಿನಿಂದ ಎಬ್ಬಿಸಿ, ಬಿಸಿ ಕೊಡುತ್ತಲೇ ನಿಧಾನಕ್ಕೆ ಎಳೆಯಿರಿ. ಬ್ಲೇಡ್ ಮುಟ್ಟಬೇಡಿ, ಲೆನ್ಸಿಗೆ ಗೀರು ಬೀಳುತ್ತದೆ. ಉಳಿದ ಅಂಟನ್ನು ಬಿಸಿ ಸೋಪುನೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಸಾವಕಾಶವಾಗಿ ಉಜ್ಜಿ. ಪೆಟ್ರೋಲ್, ಥಿನ್ನರ್ ಬೇಡವೇ ಬೇಡ. ಲೆನ್ಸಿನ ಅಕ್ರಿಲಿಕ್ ಸಣ್ಣಗೆ ಬಿರುಕು ಬಿಟ್ಟು ಶಾಶ್ವತವಾಗಿ ಮಂಕಾಗುತ್ತದೆ. ಸ್ಪ್ರೇ ಹೊಡೆಸಿದ್ದರೆ ಮಾತ್ರ ಉಜ್ಜಿ ತೆಗೆಯುವ ಸಾಹಸಕ್ಕೆ ಹೋಗದೆ ಹೊಸ ಲ್ಯಾಂಪ್ ಹಾಕಿಸುವುದೇ ಮೇಲು. ಬಿಡಿಸಿದ ಮೇಲೆ ಮಟಮಟ ಮಧ್ಯಾಹ್ನ ಮನೆಯವರಿಗೆ ಬ್ರೇಕ್ ಒತ್ತಲು ಹೇಳಿ, ನೂರೈವತ್ತು ಮೀಟರ್ ಹಿಂದಕ್ಕೆ ನಡೆದು ಹೋಗಿ ತಿರುಗಿ ನೋಡಿ.