ಹೊಳಲ್ಕೆರೆ ಅನ್ನೋಕೆ ಸ್ವಲ್ಪ ಟೈಮ್ ಕೊಡಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ನಮಗೆ ಇವು ಬಸ್ಸಿನ ಬೋರ್ಡ್ ಮೇಲಿನ ಹೆಸರುಗಳು, ಅಷ್ಟೇ. ಉತ್ತರ ಭಾರತದಿಂದ ಬಂದ ಕ್ಲಾಸ್‌ಮೇಟ್‌ಗೆ ಇವು ನಾಲ್ಕು ಪರೀಕ್ಷೆಗಳು. ಚಿತ್ರದುರ್ಗ ‘ಚಿತ್ರದುರ್ಗ್’ ಆಗುತ್ತೆ, ಹೊಸದುರ್ಗ ‘ಹೋಸ್‌ದುರ್ಗ್’ ಆಗುತ್ತೆ, ಹೊಳಲ್ಕೆರೆ ‘ಹೋಲಲ್ಕೇರೆ’ ಆಗುತ್ತೆ. ಕೇಳಿದವರು ನಗ್ತಾರೆ. ಈ ನಗುವಿನಿಂದ ಕನ್ನಡಕ್ಕೆ ನಷ್ಟವೇ ಹೊರತು ಲಾಭ ಇಲ್ಲ ಅನ್ನೋದು ನಮ್ಮ ಅಭಿಪ್ರಾಯ.

ಮೊದಲು ಕಾರಣ ನೋಡೋಣ. ಹಿಂದಿ ಮಾತಿನಲ್ಲಿ ಪದದ ಕೊನೆಯ ಅಕಾರ ಸಾಮಾನ್ಯವಾಗಿ ಬಿದ್ದುಹೋಗುತ್ತೆ. ನಮ್ಮ ರಾಮ ಅಲ್ಲಿ ರಾಮ್. ಛತ್ತೀಸ್‌ಗಢದ ಒಂದು ಊರಿನ ಹೆಸರೇ ದುರ್ಗ್. ಎ-ಏ, ಒ-ಓ ಅಂತ ನಮ್ಮ ಹಾಗೆ ಬೇರೆ ಬೇರೆ ಅಕ್ಷರಗಳಿಲ್ಲ. ಇನ್ನು ಳ? ಇವತ್ತಿನ ಶಿಷ್ಟ ಹಿಂದಿಯಲ್ಲಿ ಅದು ಇಲ್ಲವೇ ಇಲ್ಲ. ಪಕ್ಕದ ಮರಾಠಿಯಲ್ಲಿದೆ. ಅದಕ್ಕೇ ಪುಣೆಯ ಗೆಳೆಯನಿಗೆ ಈ ಅಕ್ಷರ ಕಷ್ಟವಲ್ಲ, ಪಟ್ನಾದ ಗೆಳೆಯನಿಗೆ ಕಷ್ಟ. ಇಂಗ್ಲಿಷ್ ಬೋರ್ಡ್ ನೋಡಿ ಕಲಿಯೋಣ ಅಂದ್ರೆ ಅಲ್ಲಿ ಲ, ಳ ಎರಡಕ್ಕೂ ಒಂದೇ ‘ಎಲ್’.

ಸಮಸ್ಯೆ ನಾಲಿಗೆಯದ್ದು ಮಾತ್ರ ಅಲ್ಲ, ಕಿವಿಯದ್ದೂ ಹೌದು. ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ 6ರಿಂದ 8 ತಿಂಗಳ ಹೆಚ್ಚಿನ ಮಕ್ಕಳು ಹಿಂದಿಯ ತ ಮತ್ತು ಟ ವ್ಯತ್ಯಾಸವನ್ನು ಗುರುತಿಸಿದ್ದರು. 10ರಿಂದ 12 ತಿಂಗಳ ಮಕ್ಕಳಲ್ಲಿ ಹಾಗೆ ಗುರುತಿಸಿದವರು ಕೆಲವರೇ. ಮನೆಯಲ್ಲಿ ಬಳಕೆಯಿಲ್ಲದ ವ್ಯತ್ಯಾಸಗಳನ್ನು ಮೆದುಳು ಒಂದು ವರ್ಷದೊಳಗೇ ಪಕ್ಕಕ್ಕಿಡೋಕೆ ಶುರುಮಾಡುತ್ತೆ. ಹಾಗಂತ ಬಾಗಿಲು ಮುಚ್ಚಿಹೋಗಲ್ಲ; ದೊಡ್ಡವರಾದ ಮೇಲೂ ಅಭ್ಯಾಸದಿಂದ ಕಲೀಬಹುದು.

ನಮ್ಮ ಕಥೆಯೇನು ಬೇರೆ ಅಲ್ಲ. ಹಳೆಗನ್ನಡದಲ್ಲಿ ೞ ಅನ್ನೋ ಇನ್ನೊಂದು ಅಕ್ಷರ ಇತ್ತು. ಪಟ್ಟಣಕ್ಕೆ ‘ಪೊೞಲ್’ ಅನ್ನುತ್ತಿದ್ದರು. ಅದೇ ಆಮೇಲೆ ‘ಹೊಳಲು’ ಆಯಿತು. ಪ ಹೋಗಿ ಹ ಬಂತು, ೞ ಹೋಗಿ ಳ ಬಂತು. ತಮಿಳು, ಮಲಯಾಳಂಗಳಲ್ಲಿ ಆ ಧ್ವನಿ ಇನ್ನೂ ಇದೆ. ನಾವು ‘ತಮಿಳು’ ಅಂದಾಗ ಚೆನ್ನೈ ಗೆಳತಿಗೆ ಏನು ಕೇಳಿಸುತ್ತೆ ಅಂತ ಒಮ್ಮೆ ಕೇಳಿ ನೋಡಿ.

ಲ-ಳ ವ್ಯತ್ಯಾಸ ಮುಖ್ಯವೇ, ಅದರಲ್ಲಿ ರಾಜಿ ಬೇಡ. ಹಾಲು ಬೇರೆ, ಹಾಳು ಬೇರೆ. ಆದರೆ ತಪ್ಪಾಗಿ ಹೇಳೋನು ಪ್ರಯತ್ನ ಮಾಡ್ತಿದಾನೆ ಅನ್ನೋದನ್ನ ಮರೀಬಾರದು. ಎರಡು ಸಲ ನಕ್ಕರೆ ಮೂರನೇ ಸಲ ಅವನು ಇಂಗ್ಲಿಷ್‌ನಲ್ಲೇ ಕೇಳ್ತಾನೆ. ನಾವೂ ಇಂಗ್ಲಿಷ್‌ನಲ್ಲೇ ಉತ್ತರ ಕೊಡ್ತೀವಿ. ಆಮೇಲೆ ‘ನಾಲ್ಕು ವರ್ಷ ಇಲ್ಲಿದ್ರೂ ಕನ್ನಡ ಕಲಿಯಲಿಲ್ಲ’ ಅಂತ ದೂರೋದೂ ನಾವೇ!

ಅದರ ಬದಲು ನಾಲಿಗೆ ತುದಿಯನ್ನು ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸೋದು ಹೇಗೆ ಅಂತ ತೋರಿಸೋಣ. ಬಲೆ-ಬಳೆ, ಕಲೆ-ಕಳೆ ಅಂತ ಜೋಡಿ ಪದಗಳನ್ನ ನಿಧಾನವಾಗಿ ಹೇಳಿಸೋಣ. ಐದು ನಿಮಿಷದ ಕೆಲಸ, ಕ್ಯಾಂಟೀನ್‌ನಲ್ಲೇ ಆಗುತ್ತೆ.