ಮೂಲಂಗಿ, ಚಹಾ, ಕಳ್ಳೇಕಾಯಿ

ಸಾಹಿತ್ಯ ಪತ್ರಿಕೆಯ ಪುಟ ಜೋಡಿಸುವಾಗ ಲಲಿತ ಪ್ರಬಂಧ ಎಲ್ಲಿ ಬಂದು ಕೂರುತ್ತದೆ ಎಂಬುದನ್ನು ಗಮನಿಸಿದರೆ ಸಾಕು, ಅದರ ಬಗ್ಗೆ ನಮಗಿರುವ ಅಭಿಪ್ರಾಯ ಗೊತ್ತಾಗುತ್ತದೆ. ಮೊದಲು ಗಂಭೀರ ಲೇಖನ, ಆಮೇಲೆ ಕತೆ, ನಡುನಡುವೆ ಕವಿತೆ; ಇಷ್ಟಾಗಿ ಎರಡು ಪುಟ ಉಳಿದರೆ ಪ್ರಬಂಧ. ವಿಮರ್ಶಕರೂ ಅದರ ಗೋಜಿಗೆ ಹೋಗುವುದು ಕಡಿಮೆ. ಕಾದಂಬರಿಯೊಂದು ಬಂದರೆ ಅದರ ದರ್ಶನ, ರಾಜಕಾರಣ, ಭಾಷೆ ಎಲ್ಲವನ್ನೂ ಜಾಲಾಡುವವರು ಪ್ರಬಂಧ ಸಂಕಲನ ಕೈಗೆ ಬಂದಾಗ ‘ಓದಿಸಿಕೊಂಡು ಹೋಗುತ್ತದೆ’ ಎಂದು ಬೆನ್ನು ತಟ್ಟಿ ಮುಗಿಸುತ್ತಾರೆ. ಇದರ ಹಿಂದೆ ಒಂದು ನಂಬಿಕೆ ಕೆಲಸ ಮಾಡುತ್ತಿದೆ: ಬೆಳಗಿನ ನಡಿಗೆ, ಊಟದ ರುಚಿ, ಮಧ್ಯಾಹ್ನದ ಜೊಂಪು, ಹಳೆ ಪುಸ್ತಕದ ಅಂಗಡಿ, ನೆರೆಮನೆಯವರೊಡನೆ ಆಡಿದ ಮಾತು, ಇವೆಲ್ಲ ಲೇಖಕರು ನಿಜವಾದ ಕೆಲಸಕ್ಕೆ ರಜೆ ಹಾಕಿದಾಗ ಬರೆಯುವ ವಿಷಯಗಳು ಎಂಬುದು. ಈ ನಂಬಿಕೆಯನ್ನು ನಾವು ಒಪ್ಪುವುದಿಲ್ಲ. ದಿನದಿನದ ಸಣ್ಣ ಸುಖಗಳನ್ನು ನಿಖರವಾಗಿ ಬರೆಯುವುದು ಲೇಖಕರ ಕಸುಬಿನಲ್ಲಿ ಕಷ್ಟದ ಕೆಲಸಗಳಲ್ಲೊಂದು. ಅದು ಕೈಗೆ ಹತ್ತದ ಸಾಹಿತ್ಯದಲ್ಲಿ ದೊಡ್ಡ ಮಾತುಗಳೂ ಟೊಳ್ಳಾಗಿಯೇ ಕೇಳಿಸುತ್ತವೆ.

ಸಾಕ್ಷಿಗೆ ದೂರ ಹೋಗಬೇಕಿಲ್ಲ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಬಂದದ್ದು 1933ರಲ್ಲಿ, ‘ಕಾನೂರು ಹೆಗ್ಗಡಿತಿ’ 1936ರಲ್ಲಿ, ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ. ಮೊದಲ ಪುಸ್ತಕದಲ್ಲಿರುವುದು ಬೇಟೆ, ಕಾಡು, ಅಜ್ಜಯ್ಯನ ಅಭ್ಯಂಜನ ಇಂಥ ಸಂಗತಿಗಳೇ. ಮೈಗೆ ಎಣ್ಣೆ ತಿಕ್ಕಿಸಿಕೊಂಡು ಹಂಡೆಯ ಬಿಸಿನೀರು ಹೊಯ್ದುಕೊಳ್ಳುವುದು ಒಂದು ಬರಹಕ್ಕೆ ಸಾಲುವ ವಸ್ತು ಎಂದು ಮೂವತ್ತು ತುಂಬುವ ಮೊದಲೇ ಅವರಿಗೆ ಗೊತ್ತಿತ್ತು. ಆಮೇಲಿನ ಎರಡು ಮಹಾಕಾದಂಬರಿಗಳಲ್ಲಿ ಮಲೆನಾಡಿನ ಬದುಕನ್ನು ಓದುಗರು ಸುಮ್ಮನೆ ನಂಬಿಬಿಡುತ್ತಾರಲ್ಲ, ಆ ನಂಬಿಕೆ ಹುಟ್ಟುವುದು ಅಲ್ಲಿನ ತತ್ತ್ವಚಿಂತನೆಯಿಂದಲ್ಲ. ಕಂಬಳಿಯ ಒದ್ದೆ, ಅಡಿಗೆಮನೆಯ ಹೊಗೆ, ಗುತ್ತಿಯ ನಾಯಿ ಹುಲಿಯನ ಓಡಾಟ ಇವು ಸರಿಯಾಗಿ ಬಂದಿರುವುದರಿಂದ. ಆ ಕಣ್ಣು ಪಳಗಿದ್ದು ‘ಚಿತ್ರ’ಗಳಲ್ಲಿ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಕೂಡ ಹತ್ತಿರಹತ್ತಿರ ಅದೇ ಕಾಲದ್ದು. ನಗಿಸುವ ಪುಸ್ತಕ ಎಂಬ ಹೆಸರು ಅದಕ್ಕೆ ಅಂಟಿಕೊಂಡಿದೆ, ನಗಿಸುತ್ತದೆ ಕೂಡ. ಆದರೆ 1970ರ ದಶಕ ಮುಗಿಯುವ ಹೊತ್ತಿಗೆ ಗೊರೂರಿನ ಬಳಿಯೇ ಹೇಮಾವತಿಗೆ ಅಣೆಕಟ್ಟು ಎದ್ದಿತು. ಅದರ ಎತ್ತರ, ನೀರಿನ ಲೆಕ್ಕ, ನೀರಾವರಿಯ ಎಕರೆಗಳು ಸರ್ಕಾರದ ಕಡತದಲ್ಲಿ ಸಿಗುತ್ತವೆ. ಅದಕ್ಕೂ ಮೊದಲಿನ ಆ ಸೀಮೆಯಲ್ಲಿ ಜನ ಹೊತ್ತು ಹೇಗೆ ಕಳೆಯುತ್ತಿದ್ದರು, ಯಾವುದಕ್ಕೆ ನಗುತ್ತಿದ್ದರು, ಯಾರು ಯಾರನ್ನು ಹೇಗೆ ಕಿಚಾಯಿಸುತ್ತಿದ್ದರು ಎಂದು ತಿಳಿಯಬೇಕಾದರೆ ಕಡತದ ಬದಲು ಗೊರೂರರನ್ನೇ ತೆರೆಯಬೇಕು. ಇದನ್ನು ಬರೆದವರು ಕೆಲಸವಿಲ್ಲದೆ ಜಗಲಿಯ ಮೇಲೆ ಕೂತವರೂ ಅಲ್ಲ. ಗಾಂಧಿಯ ಹಾದಿ ಹಿಡಿದು ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವರು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಬರ, ಯುದ್ಧ, ಕೋಮುದ್ವೇಷ ಕಣ್ಣೆದುರಿಗೆ ಇರುವಾಗ ಚಹಾದ ಪರಿಮಳ ವರ್ಣಿಸುತ್ತ ಕೂರುವುದು ಹೊಟ್ಟೆ ತುಂಬಿದವರ ಹರಟೆ ಎಂಬ ಆಕ್ಷೇಪ. ಹಾಗಾದರೆ ಪ್ರಬಂಧ ಎಂಬ ಪ್ರಕಾರ ಹುಟ್ಟಿದ್ದು ಎಂಥ ಕಾಲದಲ್ಲಿ ಎಂದು ನೋಡೋಣ. ಫ್ರಾನ್ಸಿನ ಮೊಂಟೇನ್ ತನ್ನ ಪ್ರಬಂಧಗಳ ಮೊದಲ ಎರಡು ಭಾಗ ಅಚ್ಚು ಹಾಕಿಸಿದ್ದು 1580ರಲ್ಲಿ. ಆಗ ಅಲ್ಲಿ ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಒಬ್ಬರನ್ನೊಬ್ಬರು ಕೊಲ್ಲಲು ಶುರುಮಾಡಿ ಎರಡು ದಶಕದ ಹತ್ತಿರವಾಗಿತ್ತು. 1572ರ ಪ್ಯಾರಿಸ್ಸಿನ ನರಮೇಧ ಇನ್ನೂ ಜನರ ಮನಸ್ಸಿನಲ್ಲಿ ಹಸಿಯಾಗಿತ್ತು. 1581ರಿಂದ 1585ರವರೆಗೆ ಆತ ಬೋರ್ಡೋ ನಗರದ ಮೇಯರ್. ಎರಡೂ ಕಡೆಯವರ ನಡುವೆ ಓಡಾಡಿ ಸಂಧಾನಕ್ಕೆ ಹೆಣಗಿದವನು. ಅವಧಿ ಮುಗಿಯುವ ಹೊತ್ತಿಗೆ ಆ ಸೀಮೆಗೆ ಪ್ಲೇಗು ಹೊಕ್ಕಿತು. ಇಷ್ಟೆಲ್ಲ ಕಂಡವನು 1588ರ ಮೂರನೆಯ ಭಾಗದ ಕೊನೆಯ ಪ್ರಬಂಧದಲ್ಲಿ ಏನು ಬರೆಯುತ್ತಾನೆ? ತನಗೆ ಕರಬೂಜದ ಹಣ್ಣು ಇಷ್ಟ, ಮೂಲಂಗಿ ಮೊದಲು ಒಗ್ಗುತ್ತಿತ್ತು, ಆಮೇಲೆ ಒಗ್ಗಲಿಲ್ಲ, ಈಗ ಮತ್ತೆ ಒಗ್ಗುತ್ತಿದೆ ಎಂದು. ಮೇಲುನೋಟಕ್ಕೆ ಇದು ವಯಸ್ಸಾದವರು ಊಟದೆಲೆಯ ಮುಂದೆ ಆಡುವ ಮಾತು. ಆದರೆ ಓದುತ್ತ ಹೋದಂತೆ ಅದರ ಮೊನೆ ತಾಗುತ್ತದೆ. ತನ್ನ ಹೊಟ್ಟೆಗೆ ಏನು ಹಿಡಿಸುತ್ತದೆ ಎಂಬುದನ್ನೇ ಖಾತ್ರಿಯಾಗಿ ಹೇಳಲಾರದ ಮನುಷ್ಯ, ದೇವರ ಮನಸ್ಸು ತನಗೆ ಗೊತ್ತು ಎಂದು ನೆರೆಯವನ ಕತ್ತು ಕೊಯ್ಯಲು ಹೊರಡುವುದು ಹೇಗೆ? ಮೊಂಟೇನ್ ಅಲ್ಲಿ ಈ ಪ್ರಶ್ನೆಯನ್ನು ಹೀಗೆ ಬಿಡಿಸಿ ಕೇಳುವುದಿಲ್ಲ. ಮೂಲಂಗಿಯ ಮಾತನ್ನು ಅಷ್ಟು ಪ್ರಾಮಾಣಿಕವಾಗಿ ಆಡಿರುವುದರಿಂದ ಪ್ರಶ್ನೆ ನಮ್ಮಲ್ಲೇ ಏಳುತ್ತದೆ. ಮತಾಂಧತೆಯ ವಿರುದ್ಧ ಬಂದ ಎಷ್ಟೋ ಕಿಡಿನುಡಿಗಳಿಗಿಂತ ಈ ಮೂಲಂಗಿ ಹೆಚ್ಚು ಕಾಲ ಬಾಳಿದೆ.

ಇನ್ನೊಬ್ಬ ಸಾಕ್ಷಿ ನಮಗೆ ಹತ್ತಿರದ ಕಾಲದವನು, ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದವನು. ಜಾರ್ಜ್ ಆರ್ವೆಲ್ 1946ರ ಜನವರಿಯಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ಒಳ್ಳೆಯ ಚಹಾ ಮಾಡುವುದು ಹೇಗೆ ಎಂದು ಬರೆದ. ಭಾರತದ್ದೋ ಸಿಲೋನಿನದೋ ಸೊಪ್ಪೇ ಆಗಬೇಕು ಎಂಬಲ್ಲಿಂದ ಸಕ್ಕರೆ ಹಾಕಕೂಡದು ಎಂಬಲ್ಲಿಯವರೆಗೆ 11 ಸೂತ್ರಗಳು, ಶಾಸ್ತ್ರಕಾರನ ಗತ್ತಿನಲ್ಲಿ. (ಸಕ್ಕರೆಯ ವಿಷಯದಲ್ಲಿ ಕನ್ನಡಿಗರಾರೂ ಆತನ ಮಾತು ಕೇಳಲಿಕ್ಕಿಲ್ಲ.) ಯುದ್ಧ ಮುಗಿದು ವರ್ಷವೂ ಆಗಿರಲಿಲ್ಲ, ಬ್ರಿಟನ್ನಿನಲ್ಲಿ ಚಹಾಕ್ಕೆ ರೇಷನ್ ಇತ್ತು, ಅದು ಪೂರ್ತಿ ತೆರವಾದದ್ದು 1952ರಲ್ಲಿ. ಅಳೆದು ಕೊಡುವ ಸೊಪ್ಪಿನಿಂದ ಕೆಲವೇ ಲೋಟ ಸಿಗುವಾಗ ಆ ಕೆಲವನ್ನಾದರೂ ಸರಿಯಾಗಿ ಮಾಡಿಕೊಳ್ಳಿ ಎಂಬ ಕಾಳಜಿ ಆ ಸೂತ್ರಗಳ ಹಿಂದಿದೆ. ಅದೇ ವರ್ಷ ಆತ ಕಪ್ಪೆ ಜಾತಿಯ ಪ್ರಾಣಿಯೊಂದು ವಸಂತದಲ್ಲಿ ಮಣ್ಣಿನಿಂದ ಎದ್ದು ಬರುವುದರ ಬಗ್ಗೆಯೂ ಬರೆದ. ಎಡಪಂಥೀಯ ವಾರಪತ್ರಿಕೆಯಲ್ಲಿ ಇಂಥದ್ದನ್ನು ಬರೆದರೆ ಬೈಗುಳದ ಪತ್ರ ಬರುತ್ತವೆ ಎಂದು ಆ ಪ್ರಬಂಧದಲ್ಲೇ ಹೇಳಿಕೊಂಡು, ಉತ್ತರವನ್ನೂ ಕೊಟ್ಟ: ಬದುಕಿನಲ್ಲಿ ಸಿಗುವ ಸುಖವನ್ನೇ ಕಾಣಲಾರದ ಹಾಗೆ ಮನಸ್ಸನ್ನು ಒಣಗಿಸಿಕೊಂಡರೆ, ಹೋರಾಡಿ ಕಟ್ಟುವ ಮುಂದಿನ ಸಮಾಜದಲ್ಲಿ ಅನುಭವಿಸುವುದಾದರೂ ಏನನ್ನು ಎಂಬುದು ಅದರ ಸಾರ. ಮೂರು ವರ್ಷದ ಮೇಲೆ ಬಂದ ಆತನ ‘1984’ ಕಾದಂಬರಿಯಲ್ಲಿ ನಾಯಕಿ ಕದ್ದು ತರುವ ನಿಜವಾದ ಕಾಫಿ ಮತ್ತು ಸಕ್ಕರೆ, ಆ ಸರ್ವಾಧಿಕಾರ ಜನರಿಂದ ಏನನ್ನು ಕಿತ್ತುಕೊಂಡಿದೆ ಎಂಬುದನ್ನು ಮೂಗಿಗೇ ತಿಳಿಸುತ್ತವೆ. ಚಹಾದ ಬಗ್ಗೆ ಅಷ್ಟು ಹಟದಿಂದ ಯೋಚಿಸಿದವನಿಗೆ ಮಾತ್ರ ಸಾಧ್ಯವಾಗುವ ಬರವಣಿಗೆ ಅದು.

ಎರಡನೆಯ ಆಕ್ಷೇಪ ನಮ್ಮ ನೆಲದ್ದು, ಇನ್ನೂ ಚುಚ್ಚುವಂಥದ್ದು. ಯಾರ ದಿನಚರಿ, ಯಾರ ಸುಖ? ಕನ್ನಡ ಪ್ರಬಂಧದಲ್ಲಿ ಪೇಪರು ಓದುತ್ತ ಕಾಫಿ ಹೀರುವವರು ಬಹುಪಾಲು ಮೇಲ್ಜಾತಿಯ, ಸಂಬಳ ಬರುವ ಗಂಡಸರು. ಆ ಕಾಫಿ ಬೆರೆಸಿದವರು, ಲೋಟ ತೊಳೆದವರು, ಅಂಗಳ ಗುಡಿಸಿದವರು ಪುಟದ ಹೊರಗೇ ಉಳಿದಿದ್ದಾರೆ. ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ, ತಳ್ಳಿಹಾಕುವ ಮನಸ್ಸೂ ನಮಗಿಲ್ಲ. ಆದರೆ ಇದರಿಂದ ಹೊರಡಬೇಕಾದ ತೀರ್ಮಾನ ಯಾವುದು? ರಾ.ಶಿ. ಅವರು 1942ರಲ್ಲಿ ಶುರುಮಾಡಿದ ‘ಕೊರವಂಜಿ’ಯಲ್ಲಿ ಬರೆಯುತ್ತಿದ್ದ ಟಿ. ಸುನಂದಮ್ಮ ಅದೇ ಮಧ್ಯಮವರ್ಗದ ಮನೆಯನ್ನು ಅಡಿಗೆಮನೆಯ ಕಡೆಯಿಂದ ನೋಡಿದರು. ನೆಂಟರು ಬಂದ ಸಂಭ್ರಮ ಬಡಿಸುವವರಿಗೆ ಹೇಗೆ ಕಾಣುತ್ತದೆ ಎಂಬುದು ಆಗ ಬೆಳಕಿಗೆ ಬಂತು. ವೈದೇಹಿ ಅವರ ಗದ್ಯ ಆ ನೋಟವನ್ನು ಇನ್ನೂ ಆಳಕ್ಕೆ ಒಯ್ದಿತು. ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರೆಲ್ಲ ಬೆಂಕಿಯ ಸುತ್ತ ಕೂತು, ಕದ್ದು ತಂದ ಕಳ್ಳೇಕಾಯಿ ತಿನ್ನುವ ರಾತ್ರಿಯೊಂದಿದೆ. ಬೆಳಗಾದರೆ ಪೊಲೀಸರು ಬರುತ್ತಾರೆ. ಆದರೆ ಆ ರಾತ್ರಿ ಅಲ್ಲಿ ನಡೆಯುವುದು ಹಬ್ಬ. ಕನ್ನಡದಲ್ಲಿ ತಿನ್ನುವ ಸುಖವನ್ನು ಇಷ್ಟು ತೀವ್ರವಾಗಿ ಹೇಳಿದ ಪುಟಗಳು ಬೇರೆ ಎಷ್ಟಿವೆ? ಆ ಸುಖ ಹಸಿವಿನ ಕತೆಯನ್ನು ಮರೆಸುವುದಿಲ್ಲ. ಹಸಿವು ಎಷ್ಟು ದೊಡ್ಡದೆಂದು ಅಳತೆ ಸಿಗುವುದೇ ಅದರಿಂದ. ಸಿದ್ಧಲಿಂಗಯ್ಯನವರ ‘ಊರು ಕೇರಿ’ಯಲ್ಲಿ ಬಡತನ, ಅವಮಾನಗಳ ನಡುವೆ ನಗು ಉಕ್ಕುತ್ತಲೇ ಇರುತ್ತದೆ. ದಲಿತ ಲೇಖಕ ಬರೆದರೆ ನೋವನ್ನಷ್ಟೇ ಬರೆಯಬೇಕು ಎಂದು ಕಾಯುವ ಓದುಗರಿಗೆ ಆ ನಗು ಒಂದಿಷ್ಟು ಇರುಸುಮುರುಸು ಮಾಡಿದ್ದರೆ ಒಳ್ಳೆಯದೇ ಆಯಿತು. ಉಳ್ಳವರಿಗೆ ಸಂತೋಷ, ಇಲ್ಲದವರಿಗೆ ಸಂಕಟ ಎಂದು ವಿಷಯಗಳನ್ನು ಹಂಚಿಕೊಡುವುದು ಹಳೆಯ ಅನ್ಯಾಯಕ್ಕೆ ಹೊಸ ಬಾಗಿಲು ತೆರೆದಂತೆ.

ಹಾಗೆಂದು ಬಡತನದಲ್ಲೇ ಸುಖವಿದೆ ಎಂಬ ಸೋಗಲಾಡಿ ಮಾತಿಗೂ ಇಲ್ಲಿ ಜಾಗವಿಲ್ಲ. ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ಕಚೇರಿಯಲ್ಲಿ 33 ವರ್ಷ ಗುಮಾಸ್ತೆಯಾಗಿದ್ದ, ಮನೋರೋಗಿ ಅಕ್ಕನನ್ನು ಜೀವನಪೂರ್ತಿ ನೋಡಿಕೊಂಡ ಚಾರ್ಲ್ಸ್ ಲ್ಯಾಂಬ್ ಈ ಪ್ರಶ್ನೆಯನ್ನು ಪಿಂಗಾಣಿ ಪಾತ್ರೆಗಳ ಬಗೆಗಿನ ಪ್ರಬಂಧದಲ್ಲಿ ಎದುರಿಸಿದ್ದಾನೆ. ಕಾಸಿಗೆ ಕಾಸು ಕೂಡಿಸಿ ಪುಸ್ತಕ ಕೊಂಡ ದಿನಗಳೇ ಚೆನ್ನಾಗಿದ್ದವು ಎಂದು ಅಲ್ಲಿ ಹೆಂಗಸು ಹೇಳುತ್ತಾಳೆ. ಲೇಖಕ ಅದನ್ನು ಪ್ರೀತಿಯಿಂದ ಕೇಳಿಸಿಕೊಂಡು, ವಯಸ್ಸಾದವರಿಗೆ ದುಡ್ಡು ಬೇಕೇ ಬೇಕು ಎನ್ನುತ್ತಾನೆ. ಇಬ್ಬರ ಮಾತೂ ನಿಜ, ಪ್ರಬಂಧ ಎರಡನ್ನೂ ಹಾಗೇ ಬಿಟ್ಟಿದೆ.

ಪ್ರಬಂಧದ ಪರ ವಕಾಲತ್ತು ವಹಿಸಿದ ಮೇಲೆ ಅದರ ಮೇಲಿನ ದೂರನ್ನೂ ಹೇಳಬೇಕು. ಇವತ್ತು ನಮ್ಮ ಮೇಜಿಗೆ ಬರುವ ಪ್ರಬಂಧಗಳಲ್ಲಿ ಮಳೆ ಹಿಡಿದರೆ ಮೆಣಸಿನಕಾಯಿ ಬಜ್ಜಿ, ಬೇಸಗೆ ಬಂದರೆ ಅಜ್ಜಿಮನೆ, ಚಳಿ ಬಿದ್ದರೆ ಫಿಲ್ಟರ್ ಕಾಫಿ. ಅಜ್ಜಿಮನೆಯ ತೋಟದಲ್ಲಿ ಮಾವಿನಕಾಯಿ ಕದಿಯದ ಲೇಖಕರೇ ಇಲ್ಲ. ಆ ಮಾವು ಯಾವ ತಳಿ, ಆ ತೋಟದಲ್ಲಿ ದುಡಿದವರು ಯಾರು, ಅಜ್ಜಿ ಆ ಮನೆಯಲ್ಲಿ ಸುಖವಾಗಿದ್ದಳೇ ಎಂದು ಕೇಳಿದರೆ ಉತ್ತರವಿಲ್ಲ. ಇವು ಅನುಭವದಿಂದ ಹುಟ್ಟದೆ, ಇತರ ಪ್ರಬಂಧಗಳಿಂದ ಸಾಲ ತಂದ ಸುಖಗಳು. ವಿಮರ್ಶೆ ಈ ಪ್ರಕಾರವನ್ನು ಮುದ್ದುಮಾಡಿ ಬಿಟ್ಟುದರ ಫಲ ಇದು. ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಬಂದು ಒಂಬತ್ತು ದಶಕವಾಗುತ್ತ ಬಂದರೂ ಹಳಸಿಲ್ಲ. ಅಲ್ಲಿ ಸುಖದ ಬೆನ್ನಿಗೇ ಒಂದು ಅನುಮಾನ, ತನ್ನನ್ನೇ ನೋಡಿ ನಗುವ ಒಂದು ವಿವೇಕ ಇರುತ್ತದೆ. ಅದೇ ಮೂರ್ತಿರಾಯರು ತೊಂಬತ್ತು ದಾಟಿದ ಮೇಲೆ, 1991ರಲ್ಲಿ ‘ದೇವರು’ ಪ್ರಕಟಿಸಿ, ದೇವರಿಲ್ಲ ಎಂಬ ತಮ್ಮ ನಿಲುವನ್ನು ಕನ್ನಡಿಗರ ಮುಂದಿಟ್ಟರು. ಅಷ್ಟು ದೊಡ್ಡ ವಿಷಯಕ್ಕೆ ಅವರು ಗಡುಸಾದ ಶಾಸ್ತ್ರಭಾಷೆ ಹುಡುಕಲಿಲ್ಲ. ಎದುರಿಗೆ ಕೂತವರೊಡನೆ ಮಾತಾಡುವ ಆ ಹಳೆಯ ದನಿಯೇ ಸಾಕಾಯಿತು. ಓದುಗರು ಸಿಟ್ಟಾಗದೆ ಕೂತು ಕೇಳಿದ್ದು ಆ ದನಿಯ ಮೇಲೆ ಅವರಿಗಿದ್ದ ದೀರ್ಘಕಾಲದ ವಿಶ್ವಾಸದಿಂದ ಎಂದು ನಮ್ಮ ಊಹೆ.

ಆದ್ದರಿಂದ ಪತ್ರಿಕೆಯ ಮಟ್ಟಿಗೆ ಎರಡು ಬದಲಾವಣೆ. ಪ್ರಬಂಧ ಸಂಕಲನಗಳಿಗೆ ಇನ್ನು ಮುಂದೆ ಸ್ವಾಗತದ ನಾಲ್ಕು ಸಾಲಿನ ಬದಲು ಕಾದಂಬರಿಗೆ ಸಿಗುವಷ್ಟೇ ಉದ್ದದ, ಅಷ್ಟೇ ನಿಷ್ಠುರದ ವಿಮರ್ಶೆ ಇರುತ್ತದೆ. ಬೇಸರ ಮಾಡಿಕೊಳ್ಳುವ ಲೇಖಕರು ಈಗಲೇ ಸಿದ್ಧರಾಗಲಿ. ಮತ್ತು ಪ್ರಬಂಧಕ್ಕೆ ಪುಟದ ಮಿತಿ ತೆಗೆದಿದ್ದೇವೆ. ರಾತ್ರಿ ಪಾಳಿಯ ನರ್ಸ್, ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಯುವವರು, ಬಸ್ಸಿನ ಕಂಡಕ್ಟರು, ಊರಿಂದೂರಿಗೆ ಕುರಿ ಹೊಡೆದುಕೊಂಡು ಹೋಗುವವರು ಊಟದ ಬಿಡುವಿನಲ್ಲಿ ಏನು ಮಾತಾಡಿ ನಗುತ್ತಾರೆ, ಬುತ್ತಿಯಲ್ಲಿ ಯಾವುದನ್ನು ಕೊನೆಗೆಂದು ಎತ್ತಿಡುತ್ತಾರೆ ಎಂಬುದು ಕನ್ನಡ ಪ್ರಬಂಧದಲ್ಲಿ ಇನ್ನೂ ಸಾಕಷ್ಟು ಬಂದಿಲ್ಲ. ಅವರೇ ಬರೆದರೆ ಮೊದಲ ಆದ್ಯತೆ ಅವರಿಗೆ. ಕೈಬರಹದಲ್ಲಿದ್ದರೂ ಆದೀತು, ಕಾಗುಣಿತದ ಚಿಂತೆ ಬೇಡ, ಅದನ್ನು ನಾವು ನೋಡಿಕೊಳ್ಳುತ್ತೇವೆ.